ನಾಲ್ಕನೆಯ ಹೆಸರಿನ ಜಾಗ

ಓರ್ಲೀನ್ ಪೆಟ್ಟಿಫೋರ್ಡ್ ಬಾಯಿಂದ ಆ ಹೆಸರು ಜಾರಿದ್ದು ಅಕ್ಟೋಬರಿನ ಒಂದು ಮಂಗಳವಾರ, ಮಧ್ಯಾಹ್ನ ಮೂರು ಗಂಟೆಗೆ, ಸ್ಟುಡಿಯೋದಲ್ಲಿ ಟೇಪು ಓಡುತ್ತಿರುವಾಗ. ನಿದ್ದೆಯಲ್ಲಿ ಕನವರಿಸಿದ್ದರೆ ಚಿಂತೆಯಿರಲಿಲ್ಲ; ತಂಗಿ ಟ್ವೈಲಾ ನಾಲ್ಕು ದಿನ ಕಾಲೆಳೆದು ಸುಮ್ಮನಾಗುತ್ತಿದ್ದಳು. ಆದರೆ ಇವಳು ತನ್ನ ಗುಟ್ಟನ್ನು ಹೇಳಿಕೊಂಡದ್ದು ಇಪ್ಪತ್ತನಾಲ್ಕು ಟ್ರ್ಯಾಕಿನ ಟೇಪಿಗೆ, ಅದೂ ಆ ಹೆಸರಿನವನು ಹತ್ತಡಿ ದೂರದಲ್ಲಿ ಬೇಸ್ ಗಿಟಾರು ಹಿಡಿದು ನಿಂತಿರುವಾಗ.

ಆ ಹೆಸರು ಎಮೊರಿ.

ಇದು ಎಷ್ಟು ದೊಡ್ಡ ಎಡವಟ್ಟು ಎಂದು ತಿಳಿಯಬೇಕಾದರೆ ಪೆಟ್ಟಿಫೋರ್ಡರ ಭಾನುವಾರದ ಊಟದ ಸಂಗತಿ ಗೊತ್ತಿರಬೇಕು.

ಉತ್ತರ ಫಿಲಡೆಲ್ಫಿಯಾದ ಆ ಸಾಲುಮನೆಯಲ್ಲಿ, ಚರ್ಚು ಮುಗಿಸಿ ಬಂದ ಮೇಲೆ, ಸರಿಯಾಗಿ ಎರಡು ಗಂಟೆಗೆ ಅಮ್ಮ ಇರ್ಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ದೊಡ್ಡವಳಿಂದ ಚಿಕ್ಕವಳವರೆಗೆ, ಒಂದೇ ರಾಗದಲ್ಲಿ. ವರ್ನೆಟ್ಟಾ. ಓರ್ಲೀನ್. ಟ್ವೈಲಾ. ಹುಡುಗಿಯರು ಬೀದಿಯಲ್ಲಿ ಹಗ್ಗದಾಟ ಆಡುತ್ತಿದ್ದ ಕಾಲದಲ್ಲಿ ಶುರುವಾದ ರೂಢಿ ಅದು. ಈಗ ಮೂವರೂ ಬೆಳೆದು, ಮೂರಡಿ ದೂರದಲ್ಲೇ ತಟ್ಟೆ ಜೋಡಿಸುತ್ತ ನಿಂತಿದ್ದರೂ ಅಮ್ಮ ಕರೆಯುವುದನ್ನು ಬಿಟ್ಟಿರಲಿಲ್ಲ, ಕರೆಯದೆ ಯಾರೂ ಕೂರುತ್ತಲೂ ಇರಲಿಲ್ಲ. ಬಂದ ಅತಿಥಿಗಳಿಗೆ ಊಟ ಧಾರಾಳ, ಹೆಸರು ಮಾತ್ರ ಇಲ್ಲ. ಅವರಿಗೆ "ನೀವೂ ಬನ್ನಿ" ಅಷ್ಟೆ. ವರ್ನೆಟ್ಟಾಳ ಹಿಂದೆ ಬಿದ್ದಿದ್ದ ಒಬ್ಬ ವಿಮಾ ಏಜೆಂಟ್ ಎರಡು ವರ್ಷ ಒಂದು ಭಾನುವಾರವೂ ತಪ್ಪದೆ ಉಂಡ. ಅಮ್ಮ ಅವನ ಹೆಸರೆತ್ತಲಿಲ್ಲ. ಕೊನೆಗೆ ಅವನೇ ಬೇಸತ್ತು ಬೇರೆ ಮನೆಯ ಊಟ ನೋಡಿಕೊಂಡ. ಪೆಟ್ಟಿಫೋರ್ಡರ ಮೇಜಿಗೆ ಒಬ್ಬನನ್ನು ಹೆಸರು ಹಿಡಿದು ಕರೆದರೆಂದರೆ ಮದುವೆಯ ಮಾತು ಮುಗಿದ ಹಾಗೆಯೇ.

ಹಾಡು ಹುಟ್ಟಿದ್ದೂ ಆ ಬಾಗಿಲಲ್ಲೇ. ಮೂವರು ಅಕ್ಕತಂಗಿಯರು ಚರ್ಚಿನಲ್ಲಿ ಹಾಡುತ್ತ ಬೆಳೆದವರು. 'ದಿ ಪೆಟ್ಟಿಫೋರ್ಡ್ಸ್' ಎಂಬ ಹೆಸರಿನಲ್ಲಿ ಎರಡು ರೆಕಾರ್ಡು ತಂದಿದ್ದರು. ಎರಡನ್ನೂ ಅವರ ಚರ್ಚಿನವರು ಬಿಟ್ಟು ಬೇರೆ ಯಾರೂ ಕೊಂಡಿರಲಿಲ್ಲ. ಕಂಪನಿಯವರು ಕೊನೆಯ ಅವಕಾಶ ಕೊಟ್ಟು, ಈ ಸಲ ಜನ ಕುಣಿಯುವಂಥದ್ದು ಬೇಕು, ಡಿಸ್ಕೋ ಬೇಕು ಅಂದರು. ಡಿಸ್ಕೋ ಎಂದರೆ ಬೆಳ್ಳಿ ಬಟ್ಟೆ, ಮಿನುಗುವ ದೀಪ ಎಂದು ವರ್ನೆಟ್ಟಾ ತಲೆಕೆಡಿಸಿಕೊಂಡಿದ್ದಾಗ, ಓರ್ಲೀನ್ ಪಾತ್ರೆ ತೊಳೆಯುತ್ತ ಅಮ್ಮನ ಕರೆಯನ್ನೇ ಗುನುಗಿದಳು. ಅದಕ್ಕೆ ಕಾಲು ತಟ್ಟಿದಳು. ಟ್ವೈಲಾ ಒದ್ದೆ ಕೈಯಲ್ಲೇ ಚಪ್ಪಾಳೆ ಹಾಕಿದಳು. ಸಂಜೆಯೊಳಗೆ ಹಾಡು ಸಿದ್ಧವಾಗಿತ್ತು: ದಿನವಿಡೀ ದುಡಿದು ದಣಿದವರನ್ನೆಲ್ಲ ಊಟಕ್ಕೆ ಕರೆಯುವ ಹಾಡು.

ಅದರ ನಡುವೆ ಒಂದು ಜಾಗ. ಅಲ್ಲಿ ಪಿಟೀಲು, ತುತ್ತೂರಿ, ಪಿಯಾನೋ ಎಲ್ಲ ಸುಮ್ಮನಾಗಿ ಡ್ರಮ್ಮು ಮತ್ತು ಬೇಸ್ ಮಾತ್ರ ಉಳಿಯುತ್ತವೆ. ಆಗ ಓರ್ಲೀನ್ ಅಮ್ಮನ ರಾಗದಲ್ಲೇ ಮೂರು ಹೆಸರು ಕರೆಯಬೇಕು. ಒಂದೊಂದು ಹೆಸರಿಗೆ ನಾಲ್ಕು ತಾಳ. ಕುಣಿತದ ಹಾಡಿನಲ್ಲಿ ಎಲ್ಲವೂ ನಾಲ್ಕರ ಲೆಕ್ಕ. ಮೂರಕ್ಕೆ ನಿಲ್ಲಿಸಿದರೆ ಕುಣಿಯುವವರ ಕಾಲು ಗಾಳಿಯಲ್ಲೇ ಉಳಿಯುತ್ತದೆ. ಹಾಗಾಗಿ ನಾಲ್ಕನೆಯ ಹೆಸರಿನ ಜಾಗದಲ್ಲಿ ಮೂವರೂ ಸೇರಿ "ಎಲ್ಲಾ ಬನ್ನಿ" ಅನ್ನಬೇಕೆಂದು ನಿಶ್ಚಯವಾಯಿತು.

ಬೇಸ್ ನುಡಿಸಲು ಬಂದವನು ಎಮೊರಿ ಗೇಂಟ್. ವಯಸ್ಸು ಇಪ್ಪತ್ತೆಂಟು. ದಿನಾ ಬೆಳಿಗ್ಗೆ ಇಪ್ಪತ್ಮೂರನೆಯ ನಂಬರಿನ ಟ್ರಾಲಿ, ಅಂದರೆ ಬೀದಿಯ ಹಳಿಯ ಮೇಲೆ ಓಡುವ ಟ್ರಾಮು, ಓಡಿಸಿ, ಯೂನಿಫಾರ್ಮಿನ ಪ್ಯಾಂಟಿನಲ್ಲೇ ತಾಲೀಮಿಗೆ ಬರುತ್ತಿದ್ದ. ಮಾತು ಕಡಿಮೆ, ನೋಟ ಇನ್ನೂ ಕಡಿಮೆ. ಡ್ರೈವರಿಗೆ ಕನ್ನಡಿಯಲ್ಲಿ ಪ್ರಯಾಣಿಕರನ್ನು ನೋಡುವ ಅಭ್ಯಾಸ ಇರುತ್ತದಲ್ಲ, ಹಾಗೆ ಒಂದು ಕ್ಷಣ ನೋಡಿ ಕಣ್ಣು ಮತ್ತೆ ದಾರಿಗೆ. ಓರ್ಲೀನ್ ಆ ನೋಟಗಳನ್ನು ಎಣಿಸತೊಡಗಿದಳು. ಮೊದಲ ದಿನ ಎರಡು. ಎರಡನೆಯ ದಿನ ಐದು. ಮೂರನೆಯ ದಿನ ಎಣಿಕೆ ತಪ್ಪಿತು, ಯಾಕೆಂದರೆ ಅವಳೂ ನೋಡುತ್ತಿದ್ದಳು.

"ಮಿಸ್ ಪೆಟ್ಟಿಫೋರ್ಡ್," ಎಂದ ಒಂದು ದಿನ, ತಂತಿ ಬಿಗಿ ಮಾಡುತ್ತ. "ನಿನ್ನ ದನಿ ಎಷ್ಟು ಕೆಳಗಿಳಿಯುತ್ತೆ ಅಂದ್ರೆ ನನ್ನ ಬೇಸ್‌ಗೆ ನಿಲ್ಲೋಕೆ ಜಾಗ ಇಲ್ಲ."

"ನಿನ್ನ ಟ್ರಾಲೀಲಿ ಜನ ಹೇಗೆ ನಿಲ್ತಾರೆ, ಹಾಗೇ ನಿಂತ್ಕೊ. ಸ್ವಲ್ಪ ಒತ್ತರಿಸಿಕೊಂಡು."

"ಹಾಗಾದ್ರೆ ಕಾಲು ತುಳಿದ್ರೆ ಬೈಬಾರದು."

"ತುಳಿದು ನೋಡು, ಬೈತೀನೋ ಇಲ್ವೋ ಆಮೇಲೆ ಹೇಳ್ತೀನಿ."

ಅವನು ತಲೆ ತಗ್ಗಿಸಿದ. ಕಿವಿಯ ತುದಿ ರಂಗೇರಿದ್ದು ಅವಳಿಗೆ ಕಂಡಿತು. ವರ್ನೆಟ್ಟಾ ಆಚೆಯಿಂದ "ಹರಟೆ ಮುಗಿದಿದ್ರೆ ಹಾಡೋಣ್ವಾ?" ಎಂದು ಕೆಮ್ಮಿದಳು.

ಮೂರು ಭಾನುವಾರ ಅವನು ಊಟಕ್ಕೂ ಬಂದ. ಮೂರನೆಯ ಸಲ, ಹುರಿದ ಕೋಳಿಯ ಎರಡನೆಯ ತುಂಡಿಗೆ ಕೈ ಹಾಕುತ್ತ, ಕೇಳಿಯೇಬಿಟ್ಟ.

"ಮಿಸ್ ಇರ್ಮಾ, ಎಲ್ಲರೂ ಇಲ್ಲೇ ಇದ್ದಾರಲ್ಲ. ಮತ್ತೆ ಯಾಕೆ ಹೆಸರು ಹಿಡಿದು ಕೂಗ್ತೀರಿ?"

"ಕೂಗಿದ್ರೆ ತಾನೇ ತಾವು ಯಾರ ಮನೆಯವರು ಅಂತ ನೆನಪಿರೋದು. ಯಾಕಪ್ಪಾ, ನಿನ್ನ ಹೆಸರು ಬರಲಿಲ್ಲ ಅಂತ ಬೇಜಾರಾಯ್ತಾ?"

"ಕೋಳಿ ಸಿಕ್ತಲ್ಲ, ಸಾಕು."

"ಕೋಳಿ ಯಾರಿಗಾದ್ರೂ ಸಿಗುತ್ತೆ. ಈ ಮೇಜಲ್ಲಿ ಹೆಸರು ಸಿಕ್ಕೋನು ಮನೆಮಗ. ಸುಮ್ನೆ ಹಂಚೋ ಸಾಮಾನಲ್ಲ ಅದು."

ಎಮೊರಿ ಒಮ್ಮೆ ಕಣ್ಣೆತ್ತಿ ನೋಡಿದ. ಆಗಲೇ ಸೊಪ್ಪಿನ ಪಲ್ಯ ತುಂಬಿದ್ದ ಅವನ ತಟ್ಟೆಗೆ ಓರ್ಲೀನ್ ಇನ್ನೊಂದು ಸೌಟು ಬಡಿಸಿದಳು. ಟ್ವೈಲಾ ಮೇಜಿನ ಕೆಳಗೆ ಅಕ್ಕನ ಕಾಲು ಒದ್ದಳು.

ಎರಡೇ ದಿನಕ್ಕೆ ಆ ಮಂಗಳವಾರ. ಅದು ಹದಿನೇಳನೆಯ ಟೇಕು. ಎಲ್ಲರ ಗಂಟಲೂ ಒಣಗಿತ್ತು. ವಾದ್ಯಗಳು ನಿಂತವು, ಬೇಸ್ ಮತ್ತು ಡ್ರಮ್ಮು ಉಳಿದವು. ಓರ್ಲೀನ್ ಕಣ್ಣು ಮುಚ್ಚಿ ಮನೆಯ ಮೇಜನ್ನು ನೆನೆದಳು. ಒಂದೊಂದೇ ಕುರ್ಚಿ ನೋಡುತ್ತ ಕರೆಯುವುದು ಅವಳ ಅಭ್ಯಾಸ. ವರ್ನೆಟ್ಟಾ. ಓರ್ಲೀನ್. ಟ್ವೈಲಾ. ನಾಲ್ಕನೆಯ ಕುರ್ಚಿಯಲ್ಲಿ ಒಬ್ಬ ಕೂತು ಸೊಪ್ಪು ತಿನ್ನುತ್ತಿದ್ದ. "ಎಮೊರಿ" ಎಂದು ಕರೆದುಬಿಟ್ಟಳು.

ಇಬ್ಬರು ಅಕ್ಕತಂಗಿಯರ "ಎಲ್ಲಾ ಬನ್ನಿ" ಬಾಯಲ್ಲೇ ಉಳಿಯಿತು. ಆದರೆ ಬೇಸ್ ನಿಲ್ಲಲಿಲ್ಲ. ಒಂದು ಕ್ಷಣ ಮೇಲಕ್ಕೆ ಹತ್ತಿ, ಅಲ್ಲೇ ಸ್ವಲ್ಪ ಸುತ್ತಾಡಿ, ಮೆಲ್ಲಗೆ ಕೆಳಗಿಳಿದು ತಾಳಕ್ಕೆ ಸೇರಿಕೊಂಡಿತು. ಅದುವರೆಗೆ ಅವನು ಹಾಗೆ ನುಡಿಸಿರಲಿಲ್ಲ. ಪಿಟೀಲಿನವರು ಬಂದರು, ಎಲ್ಲರೂ ಬಂದರು, ಹಾಡು ಮುಗಿಯಿತು. ಗಾಜಿನ ಆಚೆಯಿಂದ ರೆಕಾರ್ಡಿಂಗ್ ಮಾಡುವ ಮುದುಕ ಲೆಸ್ಟರ್ ಹೇಳಿದ: "ಇದೇ ಟೇಕು. ಇನ್ನು ಮನೆಗೆ ಹೋಗಿ."

ಓರ್ಲೀನ್ ಹೊರಗೋಡಿ ಸೋಡಾ ಯಂತ್ರದ ಪಕ್ಕ ಗೋಡೆಗೆ ಮುಖ ಮಾಡಿ ನಿಂತಳು. ಸ್ವಲ್ಪ ಹೊತ್ತಿಗೆ ಎಮೊರಿ ಬಂದ. ಗಿಟಾರಿನ ಪೆಟ್ಟಿಗೆ ಕೈಯಲ್ಲಿತ್ತು. ಏನೋ ಹೇಳಲು ಬಾಯಿ ತೆರೆದ.

"ಒಳ್ಳೆ ಟೇಕು," ಎಂದ. ಅಷ್ಟೇ ಹೇಳಿ ಹೊರಟುಹೋದ.

ಅವಳು ಕಾದಳು. ಮಾತು ಬಾರದವನು ಯೋಚಿಸಿ ಬರಲಿ ಎಂದು ಕಾದಳು. ಅವನು ಭಾನುವಾರದ ಊಟಕ್ಕೆ ಬರುವುದು ನಿಲ್ಲಿಸಿದ. ಡ್ಯೂಟಿ ಇದೆ ಎಂದು ಹೇಳಿಕಳಿಸಿದ. ಜನವರಿಯಲ್ಲಿ ರೆಕಾರ್ಡು ಮನೆಗೆ ಬಂತು. ಮುಂದಿನ ಕೋಣೆಯಲ್ಲಿ ಎಲ್ಲರೂ ಸುತ್ತ ಕೂತರು, ಟ್ವೈಲಾ ಮುಳ್ಳು ಇಟ್ಟಳು. ಹಾಡಿನ ನಡುವಿನ ಜಾಗ ಬಂತು. ವರ್ನೆಟ್ಟಾ. ಓರ್ಲೀನ್. ಟ್ವೈಲಾ. ಆಮೇಲೆ ನಾಲ್ಕು ತಾಳ ಏನೂ ಇಲ್ಲ. ಬೇಸ್ ಒಂದೇ ಮೇಲೆ ಹತ್ತಿ, ಸುತ್ತಾಡಿ, ಇಳಿಯಿತು.

ಮರುದಿನವೇ ಅವಳು ಲೆಸ್ಟರ್ ಹತ್ತಿರ ಹೋದಳು. ಅಕ್ಕನೇ ಅಳಿಸಿಹಾಕಿಸಿದ್ದಾಳೆ ಎಂದು ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದಳು.

"ನಿಮ್ಮಕ್ಕ ಅಲ್ಲಮ್ಮ," ಎಂದ ಲೆಸ್ಟರ್. "ಆ ಬೇಸ್ ಹುಡುಗ. ಮಾರನೇ ದಿನ ರಜಾ ಹಾಕಿ ಬಂದಿದ್ದ. ನಾನು ಅಳಿಸಿ ಮುಗಿಸೋವರೆಗೂ ಇಲ್ಲೇ, ಈ ಕುರ್ಚಿ ಹಿಂದೆ ನಿಂತಿದ್ದ. ಆ ಜಾಗಕ್ಕೆ ಬೇರೇನೂ ಹಾಕಬೇಡಿ ಅಂತಲೂ ಅಂದ."

ಓರ್ಲೀನ್‌ಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಬೇಡವೆಂದರೆ ಬಾಯಲ್ಲಿ ಹೇಳಬಹುದಿತ್ತು. ರಜಾ ಹಾಕಿ ಬಂದು, ಪಕ್ಕದಲ್ಲಿ ನಿಂತು, ಒರೆಸಿಹಾಕಿಸಬೇಕಿತ್ತೆ? ಮನೆಗೆ ಬಂದು ವರ್ನೆಟ್ಟಾಗೆ ಹೇಳಿದಳು: "ಊರೂರು ಸುತ್ತೋಕೆ ಬೇರೆ ಬೇಸ್‌ನವರನ್ನ ನೋಡಕ್ಕ. ಅವನು ಬಂದ್ರೆ ನಾನು ಹಾಡಲ್ಲ."

"ಊರಿಗೊಬ್ಬ ಸಿಗ್ತಾನೆ," ಎಂದಳು ವರ್ನೆಟ್ಟಾ. ಕಾರಣ ಕೇಳಲಿಲ್ಲ. ಎಮೊರಿಯೂ ಕೇಳಲಿಲ್ಲ. ದಿನಪೂರ್ತಿ ಟ್ರಾಲಿ ಓಡಿಸಿಕೊಂಡು ಉಳಿದ.

ಮನುಷ್ಯರ ಮುನಿಸಿಗೆ ಹಾಡು ಕಾಯುವುದಿಲ್ಲ. ಮಾರ್ಚ್ ಹೊತ್ತಿಗೆ ಅದು ಫಿಲಡೆಲ್ಫಿಯಾದ ರೇಡಿಯೋ ಹಿಡಿಯಿತು, ಮೇ ಹೊತ್ತಿಗೆ ದೇಶ ಹಿಡಿಯಿತು. ಜೂನಿನಲ್ಲಿ ತಮ್ಮದೇ ಬೀದಿಯ ಹಬ್ಬಕ್ಕೆ ಬೀದಿಯ ಎರಡೂ ತುದಿಗೆ ಅಡ್ಡಗಟ್ಟೆ ಇಟ್ಟು, ಮೆಟ್ಟಿಲುಗಳ ಮೇಲೆ ಸ್ಪೀಕರು ಇಟ್ಟಾಗ, ಓರ್ಲೀನ್ ಮೊದಲ ಸಲ ಅದನ್ನು ಕಂಡಳು. ಮೂರು ಹೆಸರು ಬಂದು ಹೋದವು. ನಾಲ್ಕು ತಾಳದ ಖಾಲಿ ಬಂತು. ಇಡೀ ಬೀದಿ ಬಾಯಿ ತೆರೆಯಿತು. ಒಬ್ಬೊಬ್ಬರು ಒಂದೊಂದು ಹೆಸರು ಕೂಗಿದರು. ಕ್ಷೌರದಂಗಡಿಯವನು ಹೆಂಡತಿಯನ್ನು ಕರೆದ. ಮೂಲೆಮನೆಯ ಅಜ್ಜಿ ಯಾವುದೋ ಗಂಡಸಿನ ಹೆಸರು ಕೂಗಿದಳು. ಅದು ಅವಳ ಗಂಡನ ಹೆಸರಲ್ಲವೆಂದು ಬೀದಿಗೆಲ್ಲ ಗೊತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಖಾಲಿ ಕುರ್ಚಿ ಕಂಡರೆ ಮನುಷ್ಯರಿಗೆ ಯಾರೋ ನೆನಪಾಗುತ್ತಾರೆ.

ಆ ಬೇಸಿಗೆಯಲ್ಲೇ ಕೆಲವರು ಡಿಸ್ಕೋ ಸತ್ತಿತು ಎಂದು ರೇಡಿಯೋದಲ್ಲಿ ಬೊಬ್ಬೆ ಹಾಕಿದರು. ಸತ್ತಿತೋ ಏನೋ. ಆ ಊರಿನ ಮದುವೆಗಳಲ್ಲಿ ಇವತ್ತಿಗೂ ಆ ಹಾಡು ಹಾಕುತ್ತಾರೆ. ಹಾಕಿದಾಗ ಕೈಯಲ್ಲಿ ತಟ್ಟೆ ಹಿಡಿದವರೂ ಎದ್ದು ಬರುತ್ತಾರೆ. ಅಲ್ಲಿ ಖಾಲಿ ಬಿಟ್ಟವರು ಯಾರು, ಯಾಕೆ ಎಂದು ಅವರಿಗೆ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.

ಆದರೆ ಓರ್ಲೀನ್‌ಗೆ ಮಾತ್ರ ಒಂದೊಂದು ಕಾರ್ಯಕ್ರಮವೂ ಶಿಕ್ಷೆಯಾಗಿತ್ತು. ಸಾವಿರ ಜನ ಸಾವಿರ ಹೆಸರು ಕೂಗುವಾಗ ವೇದಿಕೆಯ ಮೇಲೆ ಬಾಯಿ ಮುಚ್ಚಿ ನಿಂತವಳು ಅವಳೊಬ್ಬಳೇ. ಹೊಸ ಬೇಸ್‌ನವನು ಆ ನಾಲ್ಕು ತಾಳವನ್ನು ರೆಕಾರ್ಡು ಕೇಳಿ ಕೇಳಿ ಕಲಿತಿದ್ದ. ಸರಿಯಾಗಿಯೇ ನುಡಿಸುತ್ತಿದ್ದ, ಪಾಪ. ಅವಳಿಗೆ ಅವನ ಮೇಲೆ ಕೋಪ ಬರುತ್ತಿತ್ತು.

ಆಗಸ್ಟಿನಲ್ಲಿ ಯೂರೋಪಿನ ಪ್ರವಾಸ ಗೊತ್ತಾಯಿತು. ಆರು ತಿಂಗಳು. ಸೋಮವಾರ ವಿಮಾನ. ಹಿಂದಿನ ಶನಿವಾರ ಬೆಳಿಗ್ಗೆ ಓರ್ಲೀನ್ ಪೆಟ್ಟಿಗೆಯ ಮುಂದೆ ಕೂತು ಒಂದೇ ರವಿಕೆಯನ್ನು ನಾಲ್ಕನೆಯ ಸಲ ಮಡಿಸುತ್ತಿದ್ದಾಗ ಅಮ್ಮ ಬಾಗಿಲಿಗೆ ಬಂದಳು.

"ಆ ಬಟ್ಟೆ ಏನು ಪಾಪ ಮಾಡಿದೆ? ಬಿಡು ಅದನ್ನ."

"ಏನಿಲ್ಲಮ್ಮ."

"ಆ ಟ್ರಾಲಿ ಹುಡುಗನ್ನ ಕೇಳಿದ್ಯಾ, ಯಾಕೆ ಅಳಿಸಿದೆ ಅಂತ?"

ಓರ್ಲೀನ್ ಕೈ ನಿಂತಿತು. ಅಮ್ಮನಿಗೆ ಇದೆಲ್ಲ ಗೊತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಟ್ವೈಲಾಳ ಬಾಯಿ ಇರುವ ಮನೆಯಲ್ಲಿ ಗುಟ್ಟು ಉಳಿಯುತ್ತದೆಂದು ನಂಬಿದ್ದು ಓರ್ಲೀನಳದೇ ತಪ್ಪು.

"ಕೇಳೋದೇನಮ್ಮ. ಬೇಡ ಅಂತ ಅಳಿಸಿದ. ಅದಕ್ಕಿಂತ ಚೆನ್ನಾಗಿ ಇನ್ನೇನು ಹೇಳ್ತಾನೆ?"

"ಅಂದ್ರೆ ಕೇಳಿಲ್ಲ."

"ಇಲ್ಲ."

"ಏಳು ತಿಂಗಳು ಮುಖ ಊದಿಸ್ಕೊಂಡಿದ್ದೆ, ಒಂದು ಮಾತು ಕೇಳಿಲ್ಲ. ನಿಮ್ಮಪ್ಪನ ಮಗಳು ಕಣೇ ನೀನು. ಉತ್ತರ ತಾನೇ ಬರ್ಕೊಂಡು ತಾನೇ ಅಳೋ ಜಾತಿ." ಅಮ್ಮ ರವಿಕೆಯನ್ನು ಕಿತ್ತುಕೊಂಡು ಪೆಟ್ಟಿಗೆಗೆ ಎಸೆದಳು. "ಇದನ್ನ ನಾನು ಮಡಿಸ್ತೀನಿ. ನೀನು ಹೋಗಿ ಕೇಳ್ಕೊಂಡು ಬಾ."

ಜರ್ಮನ್‌ಟೌನ್ ಅವೆನ್ಯೂದಲ್ಲಿ, ಎರೀ ಬೀದಿಯ ಮೂಲೆಯಲ್ಲಿ ನಿಂತು ಅವಳು ಇಪ್ಪತ್ಮೂರನೆಯ ನಂಬರಿನ ಮೂರು ಟ್ರಾಲಿ ಹೋಗಲು ಬಿಟ್ಟಳು. ನಾಲ್ಕನೆಯದು ಅವನದು. ಬಾಗಿಲು ತೆರೆಯಿತು. ಎಮೊರಿ ಅವಳನ್ನು ನೋಡಿ, ಹತ್ತಿ ಎನ್ನುವುದನ್ನೂ ಮರೆತ.

"ಒಳಗೆ ಬರ್ಲಾ, ಇಲ್ಲ ಇಲ್ಲೇ ನಿಂತು ಹಾಡ್ಲಾ?" ಎಂದಳು.

"ಬಾ. ಹಿಡ್ಕೊ, ಬೀಳ್ತೀಯ."

ಅವಳು ಅವನ ಹಿಂದಿನ ಕಂಬ ಹಿಡಿದು ನಿಂತಳು. ಕಲ್ಲುಹಾಸಿನ ಮೇಲೆ ಟ್ರಾಲಿ ಗಡಗಡ ಎಂದು ಹೊರಟಿತು. ಬಾಗಿಲ ಮೇಲೆ, ಡ್ರೈವರ್ ಜೊತೆ ಮಾತಾಡಬಾರದು ಎಂದು ಫಲಕವಿತ್ತು. ಅವಳು ಅದನ್ನು ಎರಡು ಸಲ ಓದಿದಳು.

"ಯಾಕೆ ಅಳಿಸಿದೆ?"

"ಓರ್ಲೀನ್, ಇಲ್ಲಿ—"

"ಇಲ್ಲೇ. ಸೋಮವಾರ ನಾನು ಯೂರೋಪಿಗೆ ಹೋಗ್ತಿದೀನಿ. ಆರು ತಿಂಗಳು."

ಚೆಲ್ಟನ್ ನಿಲ್ದಾಣ ಬಂದು ಹೋಯಿತು, ಟ್ರಾಲಿ ನಿಲ್ಲಲಿಲ್ಲ. ಹಿಂದಿನಿಂದ ಯಾರೋ ಕೂಗಿದರು: "ಏನಪ್ಪಾ ಡ್ರೈವರ್, ನಮ್ಮನ್ನೂ ಯೂರೋಪಿಗೇ ಕರ್ಕೊಂಡು ಹೋಗ್ತೀಯಾ?"

ಅರ್ಧ ಬೀದಿ ದಾಟಿ ನಿಂತಿತು. ಅವನು ಕ್ಷಮೆ ಕೇಳಿದ. ಇಳಿದವರು ಇಳಿದರು. ಎದುರು ಸೀಟಿನಲ್ಲಿ ನರ್ಸಿನ ಬಿಳಿ ಉಡುಪಿನ, ನಲವತ್ತರ ಹೆಂಗಸೊಬ್ಬಳು ಕೂತಿದ್ದಳು. ಅವಳು ಓರ್ಲೀನ್ ಮುಖವನ್ನೇ ನೋಡುತ್ತಿದ್ದಳು.

"ನೀನು ಆ ಹಾಡಿನ ಹುಡುಗಿ ಅಲ್ವಾ? ಹೆಸರು ಕರೆಯೋಳು?"

"ಹೌದು ಮೇಡಂ."

"ಆ ಖಾಲಿ ಜಾಗ ಬಿಟ್ಟಿದ್ದು ಯಾರ ತಲೆ ಕಣಮ್ಮ?"

ಓರ್ಲೀನ್ ಎಮೊರಿಯ ಕಡೆ ನೋಡಿದಳು. ಎಮೊರಿ ದಾರಿ ನೋಡುತ್ತಿದ್ದ.

"ಯಾರಾದ್ರೂ ಆಗ್ಲಿ, ಅವರ ಹೊಟ್ಟೆ ತಣ್ಣಗಿರಲಿ," ಎಂದಳು ನರ್ಸು. "ನನ್ನ ತಮ್ಮ ರಾಸ್ಕೋ ಯುದ್ಧಕ್ಕೆ ಹೋದೋನು ಬರಲಿಲ್ಲ. ಹತ್ತು ವರ್ಷ ಆಯ್ತು. ಅವನ ಹೆಸರೆತ್ತಿದ್ರೆ ಅಮ್ಮ ಅಳ್ತಾಳೆ ಅಂತ ಮನೇಲಿ ಯಾರೂ ಎತ್ತಲ್ಲ. ಈಗ ಆ ಹಾಡು ಹಾಕಿದ್ರೆ ಅಮ್ಮನೇ ಎದ್ದು ನಿಂತು ಅವನನ್ನ ಊಟಕ್ಕೆ ಕರೀತಾಳೆ. ಅಳಲ್ಲ. ಒಂದು ಹೆಜ್ಜೆ ಕುಣೀತಾಳೆ ಸಹ." ಅವಳು ಚೀಲ ಎತ್ತಿಕೊಂಡು ಎದ್ದಳು. "ನನ್ನ ಸ್ಟಾಪ್ ಬಂತು. ಇದನ್ನಾದ್ರೂ ದಾಟಿಸಬೇಡಪ್ಪಾ."

ಟ್ರಾಲಿ ಸರಿಯಾಗಿ ನಿಂತಿತು. ಅವಳು ಇಳಿದು ಹೋದಳು. ಅಲ್ಲಿಂದ ಚೆಸ್ಟ್‌ನಟ್ ಹಿಲ್‌ನ ಕೊನೆಯ ತಿರುವಿನವರೆಗೆ ಅವಳು ಕಂಬ ಹಿಡಿದೇ ನಿಂತಿದ್ದಳು. ಕೊನೆಯ ಪ್ರಯಾಣಿಕ ಇಳಿದ ಮೇಲೆ ಎಮೊರಿ ಬಾಗಿಲು ಮುಚ್ಚಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಆರು ನಿಮಿಷ ಇದೆ. ಆಮೇಲೆ ವಾಪಸ್ ಹೊರಡ್ಬೇಕು."

"ಅಷ್ಟು ಸಾಕು. ಹೇಳು."

ಅವನು ಟೋಪಿಯ ಅಂಚು ತಿರುಗಿಸಿದ. "ನಿಮ್ಮಮ್ಮ ಹೇಳಿದ್ರಲ್ಲ ಅವತ್ತು. ಆ ಹೆಸರು ಸುಮ್ನೆ ಹಂಚೋ ಸಾಮಾನಲ್ಲ ಅಂತ. ಎರಡು ದಿನಕ್ಕೆ ನಿನ್ನ ಬಾಯಿಂದ ಬಂತು. ಆದರೆ ನೀನು ಕೊಟ್ಟಿದ್ದಲ್ಲ ಅದು, ಜಾರಿದ್ದು. ನಿನ್ನ ಮುಖ ನೋಡಿದೆ ನಾನು. ಮನೆಗೆ ಬೆಂಕಿ ಬಿದ್ದ ಹಾಗಿತ್ತು."

"ಅದಕ್ಕೆ?"

"ರೆಕಾರ್ಡಲ್ಲಿ ಹಾಗೇ ಹೋಗಿದ್ರೆ, ಊರೆಲ್ಲ ಕೇಳಿದ ಮೇಲೆ, ನಿನಗೆ ಹಿಂದೆ ತಗೊಳ್ಳೋಕೆ ದಾರಿ ಇರ್ತಿರಲಿಲ್ಲ. ನಾನು ಬೇಡ ಅನ್ನಿಸಿದ್ರೂ ನನ್ನನ್ನೇ ಕಟ್ಕೋಬೇಕಿತ್ತು, ಹಾಡಿನ ಮರ್ಯಾದೆಗೆ. ನನಗೆ ಹಾಗೆ ಬೇಡ ಅನ್ನಿಸ್ತು. ನಿನಗೆ ದಾರಿ ಇರಲಿ ಅಂತ ಅಳಿಸಿದೆ. ಆ ಜಾಗಕ್ಕೆ ಬೇರೇನೂ ತುಂಬಬೇಡಿ ಅಂದೆ, ಅದು ಮಾತ್ರ ನನ್ನ ಸ್ವಾರ್ಥ."

ಓರ್ಲೀನ್ ಹತ್ತಿರದ ಸೀಟಿನಲ್ಲಿ ಕೂತಳು. ಏಳು ತಿಂಗಳು ಅವಳು ಹೊತ್ತು ತಿರುಗಿದ ಅವಮಾನ ಅವಳ ಕೈಯಿಂದ ಬಿದ್ದುಹೋಯಿತು. ಅದರ ಜಾಗದಲ್ಲಿ ಸಿಟ್ಟು ಬಂತು.

"ಇದನ್ನ ಆವತ್ತೇ, ಆ ಸೋಡಾ ಮೆಷಿನ್ ಹತ್ರ ಹೇಳೋಕೆ ಏನು ಬಂದಿತ್ತು ನಿನಗೆ?"

"ಧೈರ್ಯ ಬಂದಿರಲಿಲ್ಲ."

"ಒಳ್ಳೆ ಟೇಕು ಅಂದೆ. ಒಳ್ಳೆ ಟೇಕಂತೆ."

"ಟೇಕು ಒಳ್ಳೇದೇ ಇತ್ತಲ್ಲ," ಎಂದ ಅವನು ಮೆಲ್ಲಗೆ. "ಆಮೇಲೆ ನೀನು ನನ್ನನ್ನ ತೆಗೆಸಿದೆ ಅಂತ ಗೊತ್ತಾಯ್ತು. ಸರಿ, ದಾರಿ ಹಿಡಿದ್ಲು, ಹಿಂದೆ ತಗೊಂಡ್ಲು ಅಂದ್ಕೊಂಡೆ. ದಿನಕ್ಕೆ ಹತ್ತು ಸಲ ಯಾವುದಾದ್ರೂ ಅಂಗಡಿಯಿಂದ ಆ ಹಾಡು ಕೇಳ್ಸುತ್ತೆ. ಟ್ರಾಲಿ ತುಂಬ ಜನ ಹೆಸರು ಕೂಗ್ತಾರೆ. ನಾನೂ ಕೂಗ್ತೀನಿ. ಬಾಯಿ ಬಿಡದೆ."

"ಯಾರ ಹೆಸರು?"

ಅವನು ತಲೆಯೆತ್ತಿ ನೋಡಿದ. ಈ ಸಲ ಕಣ್ಣು ದಾರಿಗೆ ಹೋಗಲಿಲ್ಲ. "ನಿನ್ನ ಬಿಟ್ಟು ಇನ್ಯಾರನ್ನ ಪ್ರೀತಿಸಿದೀನಿ ನಾನು?"

ಹೊರಗೆ ಸಾಲು ಬೆಳೆಯುತ್ತಿತ್ತು. ಒಬ್ಬ ಗಾಜಿಗೆ ಬೆರಳು ತಟ್ಟಿದ. ಇಬ್ಬರಿಗೂ ಅದು ಕೇಳಿಸಲಿಲ್ಲ.

"ಯೂರೋಪಿಗೆ ಹೊಸದಾಗಿ ರೆಕಾರ್ಡ್ ಮಾಡ್ತಾರೆ," ಎಂದಳು ಓರ್ಲೀನ್ ಕೊನೆಗೆ, ಕಣ್ಣೊರೆಸಿಕೊಳ್ಳುತ್ತ. "ನಾನು ಮತ್ತೆ ಕರೀಬಹುದು. ಬಾಯಿ ಜಾರಿ ಅಲ್ಲ. ಬೇಕಂತಲೇ. ಹಾಕಿಸ್ಲಾ?"

ಎಮೊರಿ ನರ್ಸು ಕೂತಿದ್ದ ಸೀಟಿನ ಕಡೆ ನೋಡಿದ.

"ಬೇಡ," ಎಂದ. "ಅಲ್ಲಿ ಈಗ ರಾಸ್ಕೋ ಕೂತಿದ್ದಾನೆ. ಅವನನ್ನ ಎಬ್ಬಿಸಿ ನಾನು ಕೂತ್ಕೊಳ್ಳಲ್ಲ."

ಅವಳಿಗೆ ಆ ಕ್ಷಣ ಅವನ ಮೇಲೆ ಉಕ್ಕಿದ ಪ್ರೀತಿ ಎಷ್ಟೆಂದರೆ, ಎದ್ದು ಹೋಗಿ ಆ ಯೂನಿಫಾರ್ಮಿನ ಕಾಲರು ಹಿಡಿದಳು.

"ಹಾಗಾದ್ರೆ ನಾಳೆ ಎರಡು ಗಂಟೆಗೆ ಮನೆಗೆ ಬಾ. ಅಮ್ಮ ಕರೆಯೋಕೆ ಮುಂಚೆ ನಾನೇ ಕರೀತಿದೀನಿ. ಎಮೊರಿ ಗೇಂಟ್, ಊಟಕ್ಕೆ ಬಾ. ಈ ಸಲ ಹಿಂದೆ ತಗೊಳ್ಳಲ್ಲ. ದಾರಿ ಬೇಡ ನನಗೆ."

ಅವನ ಬಾಯಿಂದ ಬಂದ ಮಾತು ಇದು: "ನಾಳೆ ಎರಡು ಗಂಟೆಗೆ ನನಗೆ ಡ್ಯೂಟಿ ಇದೆ."

"ಎಮೊರಿ."

"ಬದಲಾಯಿಸ್ಕೊಳ್ತೀನಿ. ಕೆಲಸ ಹೋದ್ರೂ ಸರಿ, ಬದಲಾಯಿಸ್ಕೊಳ್ತೀನಿ."

ಅವಳು ನಕ್ಕಳು. ನಗುತ್ತಲೇ ಅವನ ಹಣೆಗೆ ಹಣೆ ತಾಗಿಸಿದಳು. ಅವನ ಕೈ ಅವಳ ಕೈಯನ್ನು ಹುಡುಕಿ ಹಿಡಿಯಿತು. ತಂತಿ ಮೀಟಿ ಅವನ ಬೆರಳುಗಳು ಗಟ್ಟಿಯಾಗಿದ್ದವು.

"ಆರು ತಿಂಗಳು," ಎಂದಳು. "ಅಷ್ಟರಲ್ಲಿ ನಿನ್ನ ಮನಸ್ಸು ಎಲ್ಲಿಗಾದ್ರೂ ಹೋದ್ರೆ?"

"ಎಲ್ಲಿಗೆ ಹೋಗ್ಲಿ? ಹಳಿ ಮೇಲಿನ ಮನುಷ್ಯ ನಾನು. ಇಲ್ಲಿಂದ ಅಲ್ಲಿಗೆ, ಅ‌ಲ್ಲಿಂದ ಇಲ್ಲಿಗೆ. ನೀನು ಬಂದು ಕೈ ತೋರಿಸು, ನಿಲ್ಲಿಸ್ತೀನಿ."

ಗಾಜಿನ ಮೇಲೆ ಈಗ ಮೂರು ನಾಲ್ಕು ಕೈಗಳು ಒಟ್ಟಿಗೆ ತಟ್ಟಿದವು. ಎಮೊರಿ ಟೋಪಿ ಹಾಕಿಕೊಂಡು ಬಾಗಿಲು ತೆರೆದ. ಮೊದಲು ಹತ್ತಿದ ಮುದುಕ ಕೈಗಡಿಯಾರವನ್ನು ಅವನ ಮೂಗಿನ ಹತ್ತಿರ ಹಿಡಿದ.

"ನೋಡಯ್ಯಾ ಇಲ್ಲಿ. ನಾಲ್ಕು ನಿಮಿಷ ಲೇಟು."

"ಏಳು ತಿಂಗಳು, ತಾತ," ಎಂದಳು ಓರ್ಲೀನ್, ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂರುತ್ತ. ಮುದುಕ ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಗೊಣಗುವುದನ್ನು ನಿಲ್ಲಿಸಿ ಒಳಗೆ ಹೋದ. ಟ್ರಾಲಿ ಊರಿನ ಕಡೆಗೆ ಹೊರಟಿತು.